ನಾಲಗೆ ಕೆಳಗಿನ ಮಾತ್ರೆ

ಚಕ್ಕುಲಿ ಮುರಿದ ಸದ್ದು ಅಂದುಕೊಂಡೆ. 2023ರ ದೀಪಾವಳಿ, ಹಬ್ಬದ ಸಂಜೆ. ನಮ್ಮ ಮನೆ ಪಡಸಾಲೆಯಲ್ಲಿ ತಮ್ಮ, ಅವನ ಮಗಳು, ನಾನು ಕೂತು ಮಾತಾಡುತ್ತಾ ತಿನ್ನುತ್ತಿದ್ದೆವು. ಅವನು ಅಗಿಯುವುದನ್ನು ತಟ್ಟನೆ ನಿಲ್ಲಿಸಿದ. ಬಾಯಿಗೆ ಬೆರಳು ಹಾಕಿ ಏನನ್ನೋ ತೆಗೆದು ಅಂಗೈ ಮೇಲಿಟ್ಟು ನೋಡಿದ. ಹುರಿಗಡಲೆಯಷ್ಟು ದೊಡ್ಡದು, ಒಂದು ಬದಿ ಬಿಳಿ, ಇನ್ನೊಂದು ಬದಿ ಬೆಲ್ಲದ ಬಣ್ಣ. ದವಡೆ ಹಲ್ಲಿನ ಚೂರು. ರಕ್ತವಿಲ್ಲ, ನೋವೂ ಇಲ್ಲ ಅಂದ. ಮೂವತ್ತಾರು ವರ್ಷದ ಗಂಡಸಿನ ಹಲ್ಲು ಚಕ್ಕುಲಿಗೆ ಮುರಿಯುವಂಥದ್ದಲ್ಲ.

"ಅಕ್ಕ, ಇದು ಎರಡನೇದು" ಅಂದ ಮೆಲ್ಲಗೆ, ಮಗಳಿಗೆ ಕೇಳಿಸದ ಹಾಗೆ. ಮೊದಲನೆಯದು ಯಾವಾಗ ಹೋಯಿತು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಅವನು ಹೇಳಿರಲಿಲ್ಲ.

ಇದನ್ನು ಬರೆಯಲು ಅವನನ್ನು ಕೇಳಿದ್ದೇನೆ. "ಬರಿ, ಹೆಸರು ಮಾತ್ರ ಬ್ಯಾಡ" ಅಂದ. ಗೆಳತಿಯೊಬ್ಬಳಿದ್ದಾಳೆ, ನರ್ಸು. ಅವಳಿಗೆ ಇದು ಇಷ್ಟವಿರಲಿಲ್ಲ. ನೋವಿನ ಮಾತ್ರೆಯ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯ ಅಡ್ಡ ಪರಿಣಾಮದ ಬಗ್ಗೆ ಬರೆದರೆ ಓದಿದವರು ಹೆದರಿ ಮಾತ್ರೆ ಬಿಡುತ್ತಾರೆ ಅನ್ನುವುದು ಅವಳ ವಾದ. ನಮ್ಮ ಮನೆಯಲ್ಲಿ ನಾನು ಕಂಡದ್ದು ಅದಕ್ಕೆ ತೀರಾ ಉಲ್ಟಾ. ಯಾರೂ ಬಾಯಿಬಿಟ್ಟು ಹೇಳದ ಕಾರಣಕ್ಕೇ ನನ್ನ ತಮ್ಮ ಎರಡು ಸಲ ಮಾತ್ರೆ ಬಿಡಲು ಹೊರಟಿದ್ದ. ಹಾಗಾಗಿ ಬರೆಯುತ್ತಿದ್ದೇನೆ.

ಅವನು ಲಾರಿ ಡ್ರೈವರ್ ಆಗಿದ್ದ. ಜಗಳೂರು ಕಡೆಯಿಂದ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಬರುವ ಲಾರಿ. 2017ರ ಸುಗ್ಗಿಯಲ್ಲಿ ಲೋಡು ಇಳಿಸುವಾಗ ಲಾರಿಯ ಹಿಂಬಾಗಿಲು ಕಳಚಿ ಸೊಂಟಕ್ಕೆ ಬಡಿಯಿತು. ಮೂಳೆ ಮುರಿಯಲಿಲ್ಲ, ನೋವು ಮಾತ್ರ ಹೋಗಲಿಲ್ಲ. ಹತ್ತು ದಿನಕ್ಕೆ ಅಂತ ಬರೆದುಕೊಟ್ಟ ಟ್ರಮಡಾಲ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆ ಹತ್ತು ತಿಂಗಳು ನಡೆಯಿತು. ದಿನಕ್ಕೆ ಎರಡು ಇದ್ದದ್ದು ಎಂಟಾಯಿತು, ಹತ್ತಾಯಿತು. ನುಂಗಿದರೆ ನೋವೂ ಇಲ್ಲ, ನಿದ್ದೆಯೂ ಬರಲ್ಲ, ರಾತ್ರಿಯೆಲ್ಲಾ ಗಾಡಿ ಓಡಿಸಬಹುದು ಅನ್ನುತ್ತಿದ್ದ. ಅವನ ಜೊತೆಯ ಎಷ್ಟೋ ಡ್ರೈವರುಗಳ ಶರ್ಟಿನ ಜೇಬಿನಲ್ಲೂ ಅದೇ ಇತ್ತಂತೆ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಅಡಿ ತಂದಿತು. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವುದು ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ. ಆದರೆ ಅಷ್ಟರೊಳಗೆ ಚಟ ಹತ್ತಿದ್ದವರು ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ತಮ್ಮ ಟಪೆಂಟಡಾಲ್ ಎಂಬ ಇನ್ನೊಂದು ನೋವಿನ ಮಾತ್ರೆಗೆ ಹೋದ. ಸಿಗದ ದಿನ ಆಕಳಿಕೆ ಮೇಲೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಮೈಮೇಲೆ ಮುಳ್ಳು, ಭೇದಿ, ಮಲಗಿದರೆ ಕಾಲು ಒಂದೇ ಸಮ ಒದ್ದಾಟ. ನೋಡುವವರಿಗೆ ಜ್ವರ ಬಂದ ಹಾಗೆ ಕಾಣಿಸುತ್ತದೆ. ನಾವೂ ಮೊದಮೊದಲು ಜ್ವರವೆಂದೇ ತಿಳಿದು ಕಷಾಯ ಕುಡಿಸಿದ್ದೆವು.

2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಲೆಕ್ಕ ನೋಡಿದಾಗ ನಾವು ಒಬ್ಬಂಟಿಗಳಲ್ಲ ಅಂತ ಗೊತ್ತಾಯಿತು. ದೇಶದಲ್ಲಿ ಅಫೀಮು, ಹೆರಾಯಿನ್, ಈ ಜಾತಿಯ ನೋವಿನ ಮಾತ್ರೆ ಎಲ್ಲಾ ಸೇರಿ 2.26 ಕೋಟಿ ಜನ ಬಳಸುತ್ತಾರೆ, ಅದರಲ್ಲಿ ಸುಮಾರು 77 ಲಕ್ಷ ಜನರಿಗೆ ಅದರಿಂದ ತೊಂದರೆಯಾಗಿ ನೆರವು ಬೇಕಾಗಿದೆ ಅಂತ ಅದರಲ್ಲಿದೆ. ಮೆಡಿಕಲ್ ಶಾಪಿನ ಮಾತ್ರೆಯ ಪಾಲು ಅದರಲ್ಲಿ ಸಣ್ಣದೇನಲ್ಲ.

ಆ ವರ್ಷವೇ ಅವ್ವ ಅವನನ್ನು ದುಗ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದಳು. ದಾವಣಗೆರೆಯವರಿಗೆ ದುರ್ಗಾಂಬಿಕೆ ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ. ಆ ತಾಯಿಯ ಮುಂದೆ ನಿಂತು "ಇನ್ನು ಮ್ಯಾಲೆ ಯಾವ ಮಾತ್ರೆನೂ ಮುಟ್ಟಲ್ಲ" ಅಂತ ಹೇಳಿಸಿದಳು. ಯಾವ ಮಾತ್ರೆನೂ. ಆ ಎರಡು ಪದ ಮುಂದೆ ನಮಗೆ ಎಷ್ಟು ತೊಂದರೆ ಕೊಟ್ಟಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಆಣೆ ಒಂಬತ್ತು ದಿನ ಉಳಿಯಿತು.

ನಡುವಿನ ಎರಡು ವರ್ಷದ ಬಗ್ಗೆ ಬರೆಯುವುದು ಬೇಡ. ಸಾಲ, ಸುಳ್ಳು, ಅವನ ಹೆಂಡತಿ ತವರಿಗೆ ಹೋಗಿ ಬಂದದ್ದು, ಇವೆಲ್ಲ ಇಂಥ ಎಲ್ಲಾ ಮನೆಯಲ್ಲೂ ಒಂದೇ ಥರ. 2021ರಲ್ಲಿ ರಾತ್ರಿ ರೈಲಿಗೆ ಅವನನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಶುರುವಾದದ್ದು ಬುಪ್ರೆನಾರ್ಫಿನ್. ಅದರ ಜೊತೆಗೆ ಅಫೀಮು ಜಾತಿಯ ಔಷಧದ ಪ್ರಭಾವ ತಡೆಯುವ ನಲಾಕ್ಸೋನ್ ಸೇರಿಸಿದ ಮಾತ್ರೆ, 2 ಮಿಲಿಗ್ರಾಂಗೆ ಅರ್ಧ ಮಿಲಿಗ್ರಾಂ. ನುಂಗುವುದಲ್ಲ, ನಾಲಗೆ ಕೆಳಗಿಟ್ಟು ಐದು ಹತ್ತು ನಿಮಿಷ ಕರಗಿಸಿಕೊಳ್ಳಬೇಕು. ನಲಾಕ್ಸೋನ್ ನಾಲಗೆಯಡಿ ಇದ್ದಾಗ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಯಾರಾದರೂ ಮಾತ್ರೆ ಕರಗಿಸಿ ಚುಚ್ಚಿಕೊಂಡರೆ ಆಗ ಅದು ಎದ್ದು ಎಲ್ಲಾ ಕೆಡಿಸುತ್ತದೆ. ಚುಚ್ಚಿಕೊಳ್ಳದಿರಲಿ ಅಂತಲೇ ಅದನ್ನು ಸೇರಿಸಿರುವುದು.

ಈ ಔಷಧ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನಾನು ಅವ್ವನಿಗೆ ಬಸ್‌ಸ್ಟ್ಯಾಂಡಿನ ಲೆಕ್ಕದಲ್ಲಿ ಹೇಳಿದ್ದೆ. ಹರಪನಹಳ್ಳಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಮಿದುಳಿನಲ್ಲಿ ಅಫೀಮು ಜಾತಿಯ ಔಷಧಗಳು ಕೂರುವ ಸೀಟುಗಳಿವೆ. ಬುಪ್ರೆನಾರ್ಫಿನ್ ಹೋಗಿ ಸೀಟಿನ ತುದಿಯಲ್ಲಿ ಕೂರುತ್ತದೆ, ಪೂರ್ತಿ ಒರಗಿ ಕೂರುವುದಿಲ್ಲ. ಹಾಗಾಗಿ ಆಸೆ, ಒದ್ದಾಟ ಅಡಗುತ್ತವೆ, ಅಮಲು ಏರುವುದಿಲ್ಲ. ಪ್ರಮಾಣ ಏರಿಸಿದರೂ ಒಂದು ಮಟ್ಟದಿಂದಾಚೆ ಅದರ ಪ್ರಭಾವ ಹೆಚ್ಚುವುದಿಲ್ಲ. ಆದರೆ ಕೂತ ಜಾಗ ಮಾತ್ರ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಿಂದಿನಿಂದ ಬಂದವರು ಎಷ್ಟು ತಳ್ಳಿದರೂ ಏಳುವುದಿಲ್ಲ.

ಈ ಜಿಗುಟುತನಕ್ಕೆ ಇನ್ನೊಂದು ಮುಖವಿದೆ. ಸೀಟಿನಲ್ಲಿ ಹಳೇ ಮಾತ್ರೆ ಕೂತಿರುವಾಗಲೇ ಇದನ್ನು ಕೊಟ್ಟರೆ, ಕೂತಿದ್ದವರನ್ನು ಎಬ್ಬಿಸಿ ಇದು ಕೂರುತ್ತದೆ. ಆಗ ಮೂರು ದಿನದ ಒದ್ದಾಟ ಅರ್ಧ ಗಂಟೆಯಲ್ಲಿ ಮೈಮೇಲೆ ಬಂದ ಹಾಗಾಗುತ್ತದೆ. ಅದಕ್ಕೇ ಡಾಕ್ಟರು ಮೊದಲನೇ ಮಾತ್ರೆಗೆ ಆತುರಪಡಲಿಲ್ಲ. ಕೊನೇ ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ ಅಂತ ಮೂರು ಸಲ ಕೇಳಿದರು. ತಮ್ಮ ಮೊದಲು ಸುಳ್ಳು ಹೇಳಿದ್ದ. ಮೂರನೇ ಸಲಕ್ಕೆ ನಿಜ ಹೇಳಿದ. ನಾವು ಕಾರಿಡಾರಿನ ಬೆಂಚಿನ ಮೇಲೆ ಇಡೀ ಮಧ್ಯಾಹ್ನ ಕಾದೆವು. ಅವನಿಗೆ ನಡುಕ ಚೆನ್ನಾಗಿ ಹತ್ತಿದ ಮೇಲೆ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಅವನ ಕಾಲು ನಿಂತಿತು. ಎಷ್ಟೋ ತಿಂಗಳ ಮೇಲೆ ಆ ಕಾಲು ಸುಮ್ಮನಿದ್ದದ್ದನ್ನು ನೋಡಿದೆ.

ಊರಿಗೆ ವಾಪಸ್ ಬಂದು, ಇಲ್ಲಿನ ಒಬ್ಬ ಮನೋವೈದ್ಯರ ಹತ್ತಿರ ಚಿಕಿತ್ಸೆ ಮುಂದುವರಿಯಿತು. ಲಾರಿ ಬಿಡಿಸಿದರು. ಮೊದಲ ವಾರಗಳಲ್ಲಿ ತೂಕಡಿಕೆ ಇರುತ್ತದೆ, ಸ್ಟಿಯರಿಂಗ್ ಮುಟ್ಟಬೇಡ ಅಂದರು. ಕುಡಿತ, ನಿದ್ದೆ ಮಾತ್ರೆ ಎರಡೂ ಕೂಡದು, ಇದರ ಜೊತೆ ಅವು ಸೇರಿದರೆ ಉಸಿರೇ ನಿಲ್ಲಬಹುದು ಅಂತ ಗಟ್ಟಿಯಾಗಿ ಹೇಳಿದರು. ಲಿವರಿನ ರಕ್ತ ಪರೀಕ್ಷೆ ಮಾಡಿಸಿದರು, ಈಗಲೂ ಆಗಾಗ ಮಾಡಿಸುತ್ತಾರೆ. ಅದು ಸರಿಯಿದೆ, ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಪಿಎಂಸಿ ಹತ್ತಿರ ವೇ ಬ್ರಿಡ್ಜ್ ಒಂದರಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಲಾರಿ ಓಡಿಸುತ್ತಿದ್ದವನು ಲಾರಿ ತೂಗಲು ಕೂತ.

ಮೂರನೇ ತಿಂಗಳಿಗೆ ಹೊಟ್ಟೆ.

ಈ ವಿಷಯ ಬರೆಯಲು ನಾಚಿಕೆ ಪಟ್ಟುಕೊಂಡರೆ ನಾನು ಈ ಬರಹ ಶುರು ಮಾಡಿದ್ದೇ ದಂಡ. ಬೆಳಿಗ್ಗೆ ಪಾಯಿಖಾನೆಗೆ ಹೋದರೆ ಮುಕ್ಕಾಲು ಗಂಟೆ, ಒಂದು ಗಂಟೆ. ಹೊರಗಿನಿಂದ ಅವ್ವ ಬಾಗಿಲು ಬಡಿಯುವುದು, ಒಳಗಿನಿಂದ ಅವನು ಉತ್ತರ ಕೊಡದಿರುವುದು. ಒಳಗೆ ಏನೋ ನುಂಗುತ್ತಿದ್ದಾನೆ ಅಂತ ಅವಳಿಗೆ ಗುಮಾನಿ. ಹಿಂದಿನ ವರ್ಷಗಳಲ್ಲಿ ಅವನು ಮಾತ್ರೆ ನುಂಗುತ್ತಿದ್ದದ್ದೂ ಅಲ್ಲೇ ಆಗಿದ್ದರಿಂದ ಗುಮಾನಿ ಪಡಬೇಡ ಅಂತ ಹೇಳುವ ಹಾಗೂ ಇರಲಿಲ್ಲ. ಆರು ದಿನ ಹೊಟ್ಟೆ ಹೋಗದ ವಾರವೊಂದಿತ್ತು. "ಹೊಟ್ಟಿ ಕಲ್ಲಾಗೈತಕ್ಕ" ಅಂದ ಒಂದು ದಿನ. ಅವ್ವ ಇಸಬಗೋಲ್ ತಂದು ಅರ್ಧ ಲೋಟ ನೀರಿನಲ್ಲಿ ಕಲಸಿ ಕೊಟ್ಟಳು. ಮರುದಿನ ಇನ್ನೂ ಗಟ್ಟಿ.

ಡಾಕ್ಟರ ಹತ್ತಿರ ಹೋದಾಗ ತಿಳಿಯಿತು, ಆ ಸೀಟುಗಳು ಮಿದುಳಿನಲ್ಲಿ ಮಾತ್ರ ಇರುವುದಲ್ಲ, ಕರುಳಿನಲ್ಲೂ ಇವೆ. ಔಷಧ ಅಲ್ಲೂ ಕೂರುತ್ತದೆ, ಕರುಳಿನ ಓಟ ನಿಧಾನವಾಗುತ್ತದೆ, ನಿಧಾನವಾದಷ್ಟೂ ನೀರು ಇಂಗುತ್ತದೆ. ಅಂಥ ಕರುಳಿಗೆ ಸಾಕಷ್ಟು ನೀರಿಲ್ಲದೆ ಇಸಬಗೋಲ್ ಹಾಕಿದರೆ ಅದೇ ಒಂದು ಬಿರಡೆಯಾಗಿ ಕೂರುತ್ತದೆ. ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರು, ನೀರು ಜಾಸ್ತಿ ಮಾಡಿ ಅಂದರು. ವಾಕರಿಕೆ, ತಲೆನೋವು, ತೂಕಡಿಕೆಗಳಿಗೆ ಮೈ ದಿನ ಕಳೆದಂತೆ ಒಗ್ಗಿಕೊಳ್ಳುತ್ತದೆ, ಆದರೆ ಮಲಬದ್ಧತೆಗೆ ಒಗ್ಗುವುದು ತೀರಾ ಕಮ್ಮಿ, ಮಾತ್ರೆ ಇರುವಷ್ಟು ದಿನ ಅದನ್ನೂ ನೋಡಿಕೊಳ್ಳಬೇಕು ಅಂದರು. ಎರಡು ನಿಮಿಷದ ಮಾತು. ಮೊದಲ ದಿನವೇ ಹೇಳಿದ್ದರೋ ಏನೋ, ಆ ದಿನದ ಗಾಬರಿಯಲ್ಲಿ ನಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಚೀಟಿಯಲ್ಲಂತೂ ಇರಲಿಲ್ಲ.

ಅಷ್ಟರೊಳಗೆ ಅವನು ತನ್ನದೇ ದಾರಿ ಹಿಡಿದಿದ್ದ. ಒಂದು ದಿನ ಅವನ ಅಂಗಿ ಒಗೆಯಲು ಜೇಬು ನೋಡಿದಾಗ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಅವನು ಬೀಡಿ ಸೇದುವವನಲ್ಲ. ತೆರೆದರೆ ಒಳಗೆ ಕಡ್ಡಿಯಿಲ್ಲ, ಅರ್ಧರ್ಧ ಮಾತ್ರೆಗಳು. ಎಣಿಸಿದೆ, ಒಂಬತ್ತು. ಬ್ಲೇಡಿನಿಂದ ಕತ್ತರಿಸಿದ್ದು, ಅಂಚು ಪುಡಿಪುಡಿ. ಅರ್ಧ ನಾಲಗೆಯಡಿ ಇಟ್ಟುಕೊಂಡು ಅರ್ಧ ಎತ್ತಿಡುತ್ತಿದ್ದ. ಮಾರುತ್ತಿದ್ದಾನೆ ಅಂತ ನನ್ನ ಕೈ ತಣ್ಣಗಾಯಿತು. ಕೇಳಿದರೆ ತಲೆ ತಗ್ಗಿಸಿ ಹೇಳಿದ, "ಕಮ್ಮಿ ಮಾಡ್ಕೊಂಡ್ರೆ ಹೊಟ್ಟಿ ಬಿಡ್ತೈತೇನೋ ಅಂತ ಮಾಡಿದ್ನಕ್ಕ. ಎಸಿಯಾಕ ಮನಸು ಬರಲಿಲ್ಲ." ಆ ಒಂಬತ್ತು ದಿನವೂ ಸಂಜೆಯಾದರೆ ಕಾಲು ಎಳೆಯುತ್ತಿತ್ತಂತೆ. ಹಳೇ ಮೆಡಿಕಲ್ ಶಾಪಿನ ಮುಂದೆ ಎರಡು ಸಲ ಗಾಡಿ ನಿಲ್ಲಿಸಿದ್ದನಂತೆ. ಇಳಿಯಲಿಲ್ಲವಂತೆ.

ಆ ಬೆಂಕಿಪೊಟ್ಟಣದ ವಿಷಯದಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಆರು ವರ್ಷದ ಮಗುವಿತ್ತು. ದೊಡ್ಡವರಿಗೆ ಜೀವ ಉಳಿಸುವ ಈ ಮಾತ್ರೆ ಚಿಕ್ಕ ಮಗುವಿನ ಬಾಯಿಗೆ ಹೋದರೆ ಒಂದೇ ಒಂದು ಸಾಕು, ಉಸಿರು ನಿಲ್ಲಲು. ಮರುದಿನವೇ ಬೀಗ ಹಾಕುವ ಸಣ್ಣ ಸ್ಟೀಲ್ ಡಬ್ಬಿ ತಂದೆ. ಕೀ ನನ್ನ ಹತ್ತಿರ.

ಬೆವರಿನ ಬಗ್ಗೆ ಸ್ವಲ್ಪ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಯಾರಿಗೆ ಬೆವರುವುದಿಲ್ಲ? ಆದರೆ ಅವನದು ಮಾಗಿ ಚಳಿಯಲ್ಲೂ ರಾತ್ರಿ ಎರಡು ದಿಂಬಿನ ಚೀಲ ಒದ್ದೆಯಾಗುವ ಬೆವರು. ವೇ ಬ್ರಿಡ್ಜಿನ ತಗಡಿನ ಕೋಣೆಯಲ್ಲಿ ಚೀಟಿಯ ಮೇಲೆ ಹನಿ ಬಿದ್ದು ಅಂಕಿ ಅಳಿಸಿ ರೈತರ ಹತ್ತಿರ ಬೈಸಿಕೊಂಡಿದ್ದಾನೆ. ಈಗ ಕೊರಳಿಗೆ ಟವೆಲ್ ಹಾಕಿಕೊಂಡೇ ಕೂರುತ್ತಾನೆ.

ಇನ್ನೊಂದು ವಿಷಯ ಅವನು ನನಗೆ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅವನ ಹೆಂಡತಿ ಹೇಳಿದಳು. ಹಿತ್ತಲಲ್ಲಿ ಇಬ್ಬರೂ ಅಕ್ಕಿ ಆರಿಸುತ್ತಿದ್ದೆವು. ಮೊರದ ಮೇಲೆ ಕಣ್ಣಿಟ್ಟೇ, "ಅಕ್ಕ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ" ಅಂದಳು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಇಲ್ಲದ ಕಡೆಯಲ್ಲೂ ಬೆರಳಾಡಿಸುತ್ತಿದ್ದಳು. ಕೊನೆಗೆ, "ಅವ್ರಿಗೆ ನಾನು ಬ್ಯಾಡಾಗೀನಿ ಅನ್ಸತೈತಿ" ಅಂದಳು. ಗಂಡ ಚಟ ಬಿಟ್ಟು ಮನೆಗೆ ಬಂದ ಮೇಲೆ, ಎಂಟು ತಿಂಗಳಿಂದ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಅವಳ ಲೆಕ್ಕದಲ್ಲಿ ಇದಕ್ಕೆ ಇದ್ದದ್ದು ಎರಡೇ ಅರ್ಥ, ಇನ್ನೊಬ್ಬಳು ಇದ್ದಾಳೆ, ಇಲ್ಲಾ ತನ್ನ ಮೇಲೆ ಹೇಸಿಗೆಯಾಗಿದೆ.

ಮೂರನೇ ಅರ್ಥವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಈ ಜಾತಿಯ ಔಷಧಗಳನ್ನು ಬಹಳ ಕಾಲ ತೆಗೆದುಕೊಂಡರೆ ಗಂಡಸರ ಮೈಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಇಳಿಯಬಹುದು. ಆಸೆ ಕಮ್ಮಿಯಾಗುತ್ತದೆ, ಸುಸ್ತು, ಮನಸ್ಸಿಗೆ ಮಂಕು. ಮೆಥಡೋನ್ ಎಂಬ ಇನ್ನೊಂದು ಔಷಧಕ್ಕೆ ಹೋಲಿಸಿದರೆ ಬುಪ್ರೆನಾರ್ಫಿನ್‌ನಲ್ಲಿ ಇದು ಕಮ್ಮಿ, ಆದರೆ ಇಲ್ಲ ಅನ್ನುವ ಹಾಗಿಲ್ಲ. ಬೆಳಿಗ್ಗೆ ಹೊತ್ತಿಗೆ ರಕ್ತ ಕೊಟ್ಟು ನೋಡಬಹುದು, ನೋಡಿ ಪ್ರಮಾಣ ಸರಿಮಾಡಬಹುದು, ಬೇಕಿದ್ದರೆ ಬೇರೆ ಚಿಕಿತ್ಸೆ ಕೊಡಬಹುದು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಡಾಕ್ಟರ ಕೋಣೆಗೆ ಹೋದರು. ನಾನು ಹೊರಗೆ ಕೂತಿದ್ದೆ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಮುಖ ಹಗುರಾಗಿತ್ತು. ಒಳಗೆ ಏನು ಮಾತಾಯಿತು ನಾನು ಕೇಳಲಿಲ್ಲ. ದಾರಿಯಲ್ಲಿ ನಿಲ್ಲಿಸಿ ಮಂಡಕ್ಕಿ ಮಿರ್ಚಿ ತಿಂದೆವು. ಅವಳೇ ದುಡ್ಡು ಕೊಟ್ಟಳು.

ಇಷ್ಟೆಲ್ಲಾ ಆದ ಮೇಲೂ ಹಲ್ಲಿನ ವಿಷಯ ನಮಗೆ ಹೊಳೆಯಲಿಲ್ಲ. ಅದರಲ್ಲಿ ನನ್ನ ತಪ್ಪೇ ದೊಡ್ಡದು.

ಮಾತ್ರೆ ಕಹಿ. ಕರಗಿದ ಮೇಲೂ ಬಾಯಿ ತುಂಬಾ ಹೊತ್ತು ಕಹಿ ಅನ್ನುತ್ತಿದ್ದ. "ಹಲ್ಲು ತಿಕ್ಕೋ, ಹೋಗ್ತೈತಿ" ಅಂತ ಹೇಳಿದವಳು ನಾನೇ. ಎರಡು ವರ್ಷ, ದಿನಾ ಬೆಳಿಗ್ಗೆ, ಮಾತ್ರೆ ಕರಗಿದ ತಕ್ಷಣ ಅವನು ಬ್ರಷ್ ಹಿಡಿದು ನಲ್ಲಿ ಹತ್ತಿರ ನಿಂತಿರುತ್ತಿದ್ದ. ನಾನು ನೋಡಿ ಖುಷಿಪಡುತ್ತಿದ್ದೆ, ಶಿಸ್ತು ಬಂತು ಅಂತ. ಆಮೇಲೆ ಬಾಯಿ ಒಣಗುತ್ತದೆ ಅಂತ ವೇ ಬ್ರಿಡ್ಜಿನಲ್ಲಿ ದಿನವಿಡೀ ಪೆಪ್ಪರ್‌ಮೆಂಟ್ ಚೀಪುತ್ತಿದ್ದ. ಲಾಲಾರಸ ಕಮ್ಮಿಯಾಗಿ ಬಾಯಿ ಒಣಗುವುದೂ ಔಷಧದ್ದೇ ಕೆಲಸ. ಒಣಗಿದ ಬಾಯಿ, ಸಕ್ಕರೆ, ಜೊತೆಗೆ ಮಾತ್ರೆ ಕರಗಿದ ಕೂಡಲೇ ಬ್ರಷ್. ಹಲ್ಲು ಏನು ಮಾಡೀತು?

2022ರ ಜನವರಿಯಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಬಾಯಿಯಲ್ಲಿ ಕರಗಿಸಿಕೊಳ್ಳುವ ಬುಪ್ರೆನಾರ್ಫಿನ್‌ನಿಂದ ಹಲ್ಲು ಹುಳುಕಾಗುವುದು, ಒಸಡಿನ ಸೋಂಕು, ಹಲ್ಲು ಉದುರುವುದು ಕಂಡಿದೆ ಅಂತ. ಅವರಿಗೆ ಸಿಕ್ಕಿದ್ದು 305 ಪ್ರಕರಣ, ಅದರಲ್ಲಿ 131 ಗಂಭೀರ. ಮೊದಲು ಹಲ್ಲಿನ ತೊಂದರೆಯೇ ಇರದವರಿಗೂ ಆಗಿದೆ. ಮಾತ್ರೆ ಬಿಡಿ ಅಂತ ಅವರು ಹೇಳಲಿಲ್ಲ, ಅದರಿಂದ ಆಗುವ ಒಳ್ಳೆಯದೇ ಹೆಚ್ಚು ಅಂತಲೇ ಹೇಳಿದರು. ಮಾಡಬೇಕಾದದ್ದು ಇಷ್ಟು. ಮಾತ್ರೆ ಪೂರ್ತಿ ಕರಗಿದ ಮೇಲೆ ಒಂದು ದೊಡ್ಡ ಗುಟುಕು ನೀರು ಬಾಯಿಗೆ ಹಾಕಿಕೊಂಡು ಹಲ್ಲು, ಒಸಡಿಗೆಲ್ಲಾ ಮೆಲ್ಲಗೆ ಆಡಿಸಿ ನುಂಗಬೇಕು. ಬ್ರಷ್ ಮಾಡಲು ಕಮ್ಮಿಯೆಂದರೂ ಒಂದು ಗಂಟೆ ಕಾಯಬೇಕು. ಶುರು ಮಾಡುವಾಗಲೇ ಹಲ್ಲಿನ ಡಾಕ್ಟರಿಗೆ ತೋರಿಸಬೇಕು, ಆಗಾಗ ತೋರಿಸುತ್ತಿರಬೇಕು. ಇದರಲ್ಲಿ ಒಂದು ಪೈಸೆಯ ಖರ್ಚಿನದ್ದೂ ಅಲ್ಲದ ಕೆಲಸ ಆ ನೀರಿನ ಗುಟುಕು. ಎರಡು ವರ್ಷ ನಾನು ಅದರ ತದ್ವಿರುದ್ಧ ಮಾಡಿಸಿದೆ.

ಹಬ್ಬ ಮುಗಿದ ಮರುವಾರ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆವು. ಒಂದು ಹಲ್ಲು ಕೀಳಲೇಬೇಕು, ಮೂರಕ್ಕೆ ತುಂಬಿಸಬೇಕು ಅಂದರು. "ಬೇರೆ ಏನಾದ್ರೂ ಮಾತ್ರೆ ತಗೋತಿದಾರಾ?" ಅಂತ ಕೇಳಿದರು. ಕೇಳಿದ್ದು ಅವನನ್ನು. ಉತ್ತರ ಕೊಟ್ಟವಳು ನಾನು. "ಇಲ್ಲ ಸರ್." ಪಕ್ಕದ ಕುರ್ಚಿಯಲ್ಲಿ ನನ್ನ ಶಾಲೆಯ ಹುಡುಗನೊಬ್ಬನ ತಾಯಿ ಕೂತಿದ್ದರು. ಅಷ್ಟೇ ಕಾರಣ.

ಹಲ್ಲು ಕಿತ್ತರು. ಚೀಟಿ ಬರೆದುಕೊಟ್ಟರು. ನಾನು ಬಿಲ್ಲು ಕಟ್ಟುವಷ್ಟರಲ್ಲಿ ಅವನು ಚೀಟಿ ಹಿಡಿದು ಪಕ್ಕದ ಮೆಡಿಕಲ್ ಶಾಪಿಗೆ ಹೋಗಿದ್ದ. ಐದು ನಿಮಿಷವಾದರೂ ಬರಲಿಲ್ಲ. ಹೋಗಿ ನೋಡಿದರೆ ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದಾನೆ. ಬಾಯಲ್ಲಿ ಹತ್ತಿ, ಮಾತು ಬರುತ್ತಿಲ್ಲ. ಚೀಟಿಯನ್ನು ನನ್ನ ಕೈಗೆ ಕೊಟ್ಟು ಎರಡನೇ ಸಾಲಿನ ಮೇಲೆ ಬೆರಳಿಟ್ಟ. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್. ಐದು ದಿನಕ್ಕೆ.

ಅವನು ಅದನ್ನು ನನಗೆ ತೋರಿಸದೆ ಇರಬಹುದಿತ್ತು. ಸರಿಯಾದ ಚೀಟಿ, ಡಾಕ್ಟರ ಸಹಿ, ಕಾನೂನಿನಲ್ಲೂ ತಪ್ಪಿಲ್ಲ, ಅಕ್ಕ ಒಳಗಿದ್ದಾಳೆ. ಕೈ ನಡುಗುತ್ತಿತ್ತು. ನನ್ನ ಸುಳ್ಳು ಅವನನ್ನು ತಂದು ನಿಲ್ಲಿಸಿದ್ದ ಜಾಗ ಅದು.

ವಾಪಸ್ ಒಳಗೆ ಹೋದೆವು. ಎಲ್ಲರ ಎದುರೇ ಹೇಳಿದೆ, ಬುಪ್ರೆನಾರ್ಫಿನ್ ತಗೋತಿದಾನೆ ಸರ್, ಮೊದಲು ಹೇಳಲಿಲ್ಲ, ತಪ್ಪಾಯ್ತು ಅಂತ. ಆ ಡಾಕ್ಟರು ಒಂದು ಮಾತೂ ಬೈಯಲಿಲ್ಲ. ಚೀಟಿ ಹರಿದು ಹೊಸದು ಬರೆದರು, ಐಬುಪ್ರೊಫೆನ್, ಪ್ಯಾರಾಸಿಟಮಾಲ್. ಮನೋವೈದ್ಯರಿಗೆ ಫೋನ್ ಮಾಡಿ ನನ್ನ ಎದುರೇ ಮಾತಾಡಿದರು. ಬುಪ್ರೆನಾರ್ಫಿನ್ ನಿಲ್ಲಿಸುವುದು ಬೇಡ, ಎಂದಿನಂತೆ ನಡೆಯಲಿ ಅಂತ ಆಯಿತು. ರಾತ್ರಿ ನೋವು ಜಾಸ್ತಿಯಾಗಿ ಅವನು ಒದ್ದಾಡುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಅವನಿಗೂ ಫೋನ್ ಕೊಟ್ಟೆ. ಹತ್ತಿ ಕಚ್ಚಿಕೊಂಡೇ ಅದೂ ಇದೂ ಹೇಳಿದ.

ಆ ರಾತ್ರಿ ನಿದ್ದೆ ಬಾರದೆ ಎಫ್‌ಡಿಎ ಎಚ್ಚರಿಕೆಯನ್ನು ಮೊಬೈಲಿನಲ್ಲಿ ಹುಡುಕಿ, ಅವನ ಪಕ್ಕ ಕೂತು, ಒಂದೊಂದು ಸಾಲು ಕನ್ನಡದಲ್ಲಿ ಹೇಳಿದೆ. ಅವನು ಕೇಳಿದ ಪ್ರಶ್ನೆ ಒಂದೇ.

"ಅಮೆರಿಕದಾಗೂ ಹಿಂಗ ಆಗೈತಾ?"

ಹೌದು, ಮುನ್ನೂರ ಐದು ಜನಕ್ಕೆ ಅಂದೆ. ಅವನು ಅಳಲು ಶುರುಮಾಡಿದ. ಯಾಕೆ ಅಂತ ನನಗೆ ತಿಳಿಯಲಿಲ್ಲ. ಆಮೇಲೆ ಬಿಟ್ಟು ಬಿಟ್ಟು ಹೇಳಿದ. ನಾಲ್ಕು ವರ್ಷದಿಂದ ಇವನ್ನೆಲ್ಲ ಅವನು ಒಂದೇ ಲೆಕ್ಕಕ್ಕೆ ಬರೆದುಕೊಂಡಿದ್ದ. ದುಗ್ಗಮ್ಮನ ಮುಂದೆ ಯಾವ ಮಾತ್ರೆನೂ ಮುಟ್ಟಲ್ಲ ಅಂತ ಆಣೆ ಮಾಡಿ ಮುರಿದಿದ್ದಾನೆ. ಮುರಿದದ್ದು ಒಂದು ಸಲವಲ್ಲ, ದಿನಾ ಬೆಳಿಗ್ಗೆ ನಾಲಗೆಯಡಿ ಇಟ್ಟುಕೊಂಡಾಗಲೆಲ್ಲ ಮುರಿಯುತ್ತಿದ್ದಾನೆ. ಹೊಟ್ಟೆ ಕಟ್ಟಿದ್ದು, ರಾತ್ರಿ ಬೆವರಿದ್ದು, ಹೆಂಡತಿಯ ಹತ್ತಿರ ಹೋಗಲಾಗದ್ದು, ಆಡಿದ ಬಾಯಿಂದಲೇ ಹಲ್ಲು ಉದುರಿದ್ದು, ಎಲ್ಲಾ ಅಮ್ಮನ ಸಿಟ್ಟು. ಡಾಕ್ಟರು ಒಂದೊಂದಕ್ಕೂ ಕಾರಣ ಹೇಳಿದಾಗ ತಲೆಯಾಡಿಸಿದ್ದ, ನಂಬಿರಲಿಲ್ಲ. ಮೊದಲನೇ ಹಲ್ಲು ಹೋದದ್ದನ್ನು ನನಗೆ ಹೇಳದಿದ್ದದ್ದೂ ಅದಕ್ಕೇ. ಶಿಕ್ಷೆ ಅಂದಮೇಲೆ ಯಾರಿಗೆ ಹೇಳುವುದು? ಮುಂದಿನ ಜಾತ್ರೆಯ ಹೊತ್ತಿಗೆ ಮಾತ್ರೆ ಪೂರ್ತಿ ಬಿಟ್ಟು, ಉರುಳು ಸೇವೆ ಮಾಡಿ, ತಪ್ಪು ಕಾಣಿಕೆ ಹಾಕುವುದು ಅಂತ ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದನಂತೆ.

ನನಗೆ ಎದೆ ಝಲ್ಲೆಂದದ್ದು ಆಗ. ಈ ಚಿಕಿತ್ಸೆಯನ್ನು ತಟ್ಟನೆ ಬಿಟ್ಟರೆ ಏನಾಗುತ್ತದೆ ಅನ್ನುವುದು ನನಗೆ ಅಷ್ಟರೊಳಗೆ ಗೊತ್ತಿತ್ತು. 2017ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಬುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿ ಇರುವವರಲ್ಲಿ ವರ್ಷಕ್ಕೆ ಸಾವಿರಕ್ಕೆ 4.3 ಸಾವು, ಚಿಕಿತ್ಸೆಯಿಂದ ಹೊರಗೆ ಹೋದವರಲ್ಲಿ 9.5. ಎರಡು ಪಟ್ಟಿಗಿಂತ ಹೆಚ್ಚು. ಬಿಟ್ಟವನ ಮೈ ಹಳೇ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ, ಆಸೆ ಮಾತ್ರ ಹಾಗೇ ಇರುತ್ತದೆ. ಒಂದು ದಿನ ಸೋತು ಹಿಂದಿನಷ್ಟೇ ನುಂಗಿದರೆ ಅದೇ ಕೊನೆ. ಹೊಟ್ಟೆ ಕಟ್ಟಿತು, ಹಲ್ಲು ಹೋಯಿತು ಅಂತ ಒಬ್ಬ ಮನುಷ್ಯ ಅಲ್ಲಿಗೆ ಹೋಗಿ ನಿಲ್ಲುವವನಿದ್ದ, ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರೇ.

ನೆಂಟರೊಬ್ಬರು ಮೊದಲಿನಿಂದಲೂ ಹೇಳುತ್ತಿದ್ದರು, ಚಟಕ್ಕೆ ಚಟವೇ ಮದ್ದೇನು, ಚಟ ಹಿಡಿಸದ ನಾಲ್ಟ್ರೆಕ್ಸೋನ್ ಇದೆಯಲ್ಲ, ಅದನ್ನು ಕೊಡಿಸಿ ಅಂತ. ಅದೂ ಒಳ್ಳೆಯ ಔಷಧವೇ, ಕೆಲವರಿಗೆ ಹೊಂದುತ್ತದೆ. ಆದರೆ ಶುರು ಮಾಡುವ ಮೊದಲು ಏಳರಿಂದ ಹತ್ತು ದಿನ ಈ ಜಾತಿಯ ಏನನ್ನೂ ಮುಟ್ಟದೆ ಇರಬೇಕು, ಅದಕ್ಕೂ ವಾಕರಿಕೆ, ತಲೆನೋವು ಉಂಟು, ಮಾತ್ರೆಯಾಗಿ ಕೊಟ್ಟಾಗ ಬಹಳ ಜನ ನಡುವೆಯೇ ಬಿಡುತ್ತಾರೆ. ಮೆಥಡೋನ್‌ಗೆ ಹೃದಯದ ಬಡಿತದ ಲಯದಲ್ಲಿ ಏರುಪೇರು ಮಾಡುವ ಗುಣವಿದೆ, ಇಸಿಜಿ ನೋಡುತ್ತಿರಬೇಕು. ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರನ್ನು ಯಾವಾಗ ಬಿಡುತ್ತೀರಿ ಅಂತ ಆ ನೆಂಟರು ಕೇಳುವುದಿಲ್ಲ. ಅವರೇ ಹನ್ನೆರಡು ವರ್ಷದಿಂದ ನುಂಗುತ್ತಿದ್ದಾರೆ.

ಬೆಳಿಗ್ಗೆ ಅವ್ವನಿಗೆ ಎಲ್ಲಾ ಹೇಳಿದೆ. ಅವಳು ಓದಿದವಳಲ್ಲ. ಮಗ ಆಣೆಯ ಭಯದಲ್ಲಿ ನಾಲ್ಕು ವರ್ಷ ಬೆಂದಿದ್ದಾನೆ ಅಂತ ಕೇಳಿ ಒಲೆ ಮುಂದೆ ಹಾಗೇ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಆಣಿ ಹಾಕ್ಸಿದಾಕಿ ನಾನು. ಬಿಡಿಸ್ಕೊಂಡು ಬರಾಕಿನೂ ನಾನೇ" ಅಂದಳು.

2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವುದು. ಅಷ್ಟು ಜನದ ನಡುವೆ ಅವ್ವ ಮಗನ ಕೈ ಹಿಡಿದು ಸರದಿಯಲ್ಲಿ ಮೂರು ಗಂಟೆ ನಿಂತಳು. ಕಾಯಿ, ಉಡಿ, ಹೂವು. ಗರ್ಭಗುಡಿಯ ಎದುರು ಮಾತ್ರೆಯ ಸ್ಟೀಲ್ ಡಬ್ಬಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದಳು. ಅದನ್ನು ನನ್ನಿಂದ ಯಾವಾಗ ಇಸಿದುಕೊಂಡಿದ್ದಳೋ ನೆನಪಿಲ್ಲ. "ಇದು ಔಷಧಿ ಕಣವ್ವ, ಆ ಮಾತ್ರಿ ಅಲ್ಲ. ಇದಕ್ಕ ಆಣಿ ಇಲ್ಲ" ಅಂತ ಗಟ್ಟಿಯಾಗಿ ಹೇಳಿದಳು. ಹಿಂದಿದ್ದವರು ತಳ್ಳುತ್ತಿದ್ದರು. ಪೂಜಾರಿ ಭಂಡಾರ ಹಚ್ಚಿ ಮುಂದೆ ಹೋಗಿ ಅಂದರು.

ಈಗ ದಿನಾ ಬೆಳಿಗ್ಗೆ ಆರೂವರೆಗೆ ಅವನು ಎದ್ದು ಮೊದಲು ಬ್ರಷ್ ಮಾಡುತ್ತಾನೆ. ಆಮೇಲೆ ನಾನು ಡಬ್ಬಿಯ ಬೀಗ ತೆಗೆಯುತ್ತೇನೆ. ಮಾತ್ರೆ ಕರಗುವವರೆಗೆ ಮಾತಿಲ್ಲ, ಕಟ್ಟೆ ಮೇಲೆ ಕೂತು ಬೀದಿ ನೋಡುತ್ತಾನೆ. ಅವ್ವ ತಂಬಿಗೆಯಲ್ಲಿ ನೀರು ತಂದು ಪಕ್ಕದಲ್ಲಿಟ್ಟಿರುತ್ತಾಳೆ. ಒಂದು ದೊಡ್ಡ ಗುಟುಕು, ಈ ದವಡೆಯಿಂದ ಆ ದವಡೆಗೆ, ಮತ್ತೆ ಈ ಕಡೆ, ನುಂಗುವುದು. ಕೆಳಗಿನ ಬಲಗಡೆ ಎರಡು ಹಲ್ಲಿನ ಜಾಗ ಖಾಲಿ, ರೊಟ್ಟಿ ಎಡಗಡೆ ಅಗಿಯುತ್ತಾನೆ. ಮೇಲಿನ ಇನ್ನೊಂದು ಹಲ್ಲಿಗೆ ಕ್ಯಾಪ್ ಹಾಕಿಸಬೇಕು ಅಂದಿದ್ದಾರೆ. ಈ ಸಲದ ಸುಗ್ಗಿ ಮುಗಿದು ವೇ ಬ್ರಿಡ್ಜಿನವರು ಓಟಿ ದುಡ್ಡು ಕೊಟ್ಟ ಮೇಲೆ ಹೋಗುವುದು ಅಂತ ಮಾತಾಡಿಕೊಂಡಿದ್ದೇವೆ.